ನೇರ ಪಟ್ಟಿ, ಬಾಗಿದ ದೋಣಿ: ಕಿಟ್‌ನಿಂದ ಮರದ ಹಾಯಿದೋಣಿ ಕಟ್ಟುವುದು ಹೇಗೆ

ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. ಕಾಳಿ ನದಿ ಸಮುದ್ರ ಸೇರುವ ಜಾಗಕ್ಕೆ ನಡೆದೇ ಹೋಗಬಹುದು. ದೋಣಿ ಕಣ್ಣಿಗೆ ಬೀಳದ ದಿನವೇ ಇಲ್ಲ. ಆದರೂ ಮೊದಲ ಸಲ ಮರದ ಹಾಯಿದೋಣಿಯ ಕಿಟ್ ತರಿಸಿ ಪೆಟ್ಟಿಗೆ ತೆರೆದಾಗ ನನಗೆ ಅದರಲ್ಲಿ ದೋಣಿ ಎಲ್ಲೂ ಕಾಣಲಿಲ್ಲ. ಎರಡು ಪ್ಲೈವುಡ್ ಹಾಳೆ, ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ತೆಳು ಪಟ್ಟಿ, ನಾಲ್ಕು ದುಂಡು ಕಡ್ಡಿ, ಎರಡು ಉಂಡೆ ದಾರ, ಮಡಚಿದ ಒಂದು ತುಂಡು ಬಟ್ಟೆ. ಪುಟ್ಟ ಡಬ್ಬಿಯಲ್ಲಿ ಹೆಸರುಕಾಳಿನಷ್ಟು ದೊಡ್ಡ ಮರದ ಬಿಲ್ಲೆಗಳು. ಜೊತೆಗೆ ಊಟದ ಮೇಜಿನಷ್ಟು ಅಗಲದ ನಕ್ಷೆ. ಅಷ್ಟೇ.

ಮನೆಗೆ ಬಂದವರೆಲ್ಲ ಕೇಳುವುದು ಒಂದೇ. "ಎಲ್ಲಾ ಕತ್ತರಿಸಿಯೇ ಕೊಟ್ಟಿರ್ತಾರಲ್ಲ, ಅಂಟಿಸಿದ್ರೆ ಆಯ್ತು, ಅಲ್ವಾ?" ಪ್ಲಾಸ್ಟಿಕ್ ಕಿಟ್ ಆದರೆ ಹೌದು. ಅಲ್ಲಿ ಭಾಗಗಳು ಅಚ್ಚಿನಿಂದ ಬಂದಿರುತ್ತವೆ, ಆಕಾರ ಮೊದಲೇ ಸಿದ್ಧ. ಮರದ ಕಿಟ್ ಹಾಗಲ್ಲ. ಅದರಲ್ಲಿ ದೋಣಿಯ ಆಕಾರ ಅರ್ಧ ಮಾತ್ರ ಇರುತ್ತದೆ. ಉಳಿದರ್ಧ ಕಟ್ಟುವವರ ಕೈಯಲ್ಲಿ ಹುಟ್ಟಬೇಕು. ಆ ಅರ್ಧ ಎಲ್ಲಿದೆ, ಯಾಕೆ ಕಷ್ಟ ಅನ್ನುವುದನ್ನು ಬಿಡಿಸಿ ಹೇಳೋಣ ಎಂದು ಇದನ್ನು ಬರೆಯುತ್ತಿದ್ದೇನೆ.

ಒಂದು ಮೊಗೆಕಾಯಿಯನ್ನು, ಅಂದರೆ ಮಂಗಳೂರು ಸೌತೆಯನ್ನು, ತೆಗೆದುಕೊಳ್ಳಿ. ಅಡ್ಡಡ್ಡಲಾಗಿ ಹತ್ತು ಹೋಳು ಮಾಡಿ. ನಡುವಿನ ಹೋಳು ದೊಡ್ಡದು, ತುದಿಗೆ ಹೋದಂತೆ ಚಿಕ್ಕದು. ಈಗ ಆ ಹೋಳುಗಳನ್ನು ಒಂದು ಕಡ್ಡಿಗೆ ಸ್ವಲ್ಪ ಸ್ವಲ್ಪ ದೂರದಲ್ಲಿ ಚುಚ್ಚಿ ನಿಲ್ಲಿಸಿ. ದೂರದಿಂದ ನೋಡಿದರೆ ಮೊಗೆಕಾಯಿಯ ಆಕಾರ ಮತ್ತೆ ಕಾಣುತ್ತದೆ. ಆದರೆ ಹೋಳು ಹೋಳಿನ ನಡುವೆ ಏನೂ ಇಲ್ಲ, ಬರೀ ಗಾಳಿ. ಕಿಟ್‌ನಲ್ಲಿ ಬರುವುದು ಇದೇ. ಪ್ಲೈವುಡ್ ಹಾಳೆಯಲ್ಲಿ ಲೇಸರ್‌ನಿಂದ ಕತ್ತರಿಸಿದ ಒಂದು ಉದ್ದನೆಯ ಬೆನ್ನೆಲುಬು, ಅದಕ್ಕೆ ಸಿಕ್ಕಿಸುವ ಹತ್ತೋ ಹನ್ನೆರಡೋ ಅಡ್ಡ ಹೋಳುಗಳು. ಪಕ್ಕೆಲುಬು ಅನ್ನೋಣ. ಮೊಗೆಕಾಯಿಯ ಸಿಪ್ಪೆ ಇದೆಯಲ್ಲ, ಅದನ್ನು ಮಾತ್ರ ನೀವೇ ಮಾಡಬೇಕು, ನೇರವಾದ ಚಪ್ಪಟೆ ಪಟ್ಟಿಗಳಿಂದ. ಈ ಕೆಲಸದ ಕಷ್ಟವೂ ಚಂದವೂ ಅಲ್ಲೇ ಇದೆ.

ಅದಕ್ಕೂ ಮೊದಲು ಅಳತೆಯ ಮಾತು. ನನ್ನ ಕಿಟ್ ಯುರೋಪಿನ ಹಳೆಯ ಕಾಲದ, ಒಂದೇ ಕೂವೆಮರದ, ಅಂದರೆ ಹಾಯಿ ಕಟ್ಟುವ ಒಂದೇ ಕಂಬದ, ಮೀನುಗಾರಿಕೆ ದೋಣಿಯದು. ಅಳತೆ 1:50. ಅಂದರೆ ನಿಜದ ದೋಣಿಯ 50 ಮಿಲಿಮೀಟರ್ ಇಲ್ಲಿ 1 ಮಿಲಿಮೀಟರ್. 30 ಸೆಂಟಿಮೀಟರ್ ಉದ್ದದ ಮಾದರಿ 15 ಮೀಟರ್ ದೋಣಿಗೆ ಸಮ. 165 ಸೆಂಟಿಮೀಟರ್ ಎತ್ತರದ ಮನುಷ್ಯ ಇದರ ಮೇಲೆ ನಿಂತರೆ 3.3 ಸೆಂಟಿಮೀಟರ್ ಇರುತ್ತಾನೆ. ಈ ಲೆಕ್ಕವನ್ನು ತಲೆಯಲ್ಲಿ ಇಟ್ಟುಕೊಂಡೇ ಕೆಲಸ ಮಾಡಬೇಕು. ಅರ್ಧ ಮಿಲಿಮೀಟರ್ ಅಂಟು ಉಬ್ಬಿ ನಿಂತರೆ ನಿಜದ ದೋಣಿಯಲ್ಲಿ ಎರಡೂವರೆ ಸೆಂಟಿಮೀಟರ್ ದಪ್ಪದ ಉಬ್ಬು ಅದು. ಕಣ್ಣಿಗೆ ಹೊಡೆಯುತ್ತದೆ.

ಮೊದಲ ಕಿಟ್ ಆರಿಸುವಾಗ ಒಂದೇ ಕೂವೆಯ ಸಣ್ಣ ದೋಣಿ ತೆಗೆದುಕೊಳ್ಳಿ. ಡೆನ್ಮಾರ್ಕ್‌ನ ಬಿಲ್ಲಿಂಗ್ ಬೋಟ್ಸ್, ಸ್ಪೇನ್‌ನ ಆರ್ಟೆಸಾನಿಯಾ ಲಾಟಿನಾ, ಇಟಲಿಯ ಅಮಾಟಿ, ಹೀಗೆ ಹಲವು ಕಂಪನಿಗಳು ಸಣ್ಣದನ್ನೂ ಮಾಡುತ್ತವೆ, ಭಾರೀ ಯುದ್ಧನೌಕೆಗಳನ್ನೂ ಮಾಡುತ್ತವೆ. ಎಲ್ಲರ ಕಣ್ಣು ಮೊದಲು ಹೋಗುವುದು ಬ್ರಿಟಿಷ್ ನೌಕಾಧಿಪತಿ ನೆಲ್ಸನ್‌ನ ವಿಕ್ಟರಿ ಹಡಗಿನ ಮೇಲೆ. 1765ರಲ್ಲಿ ನೀರಿಗಿಳಿದ ಆ ಹಡಗು ನಿಜಕ್ಕೂ ಸುಂದರ. ಆದರೆ ಅದಕ್ಕೆ 104 ಫಿರಂಗಿ. ಒಂದೇ ಪುಟ್ಟ ಕೆಲಸವನ್ನು ಅಷ್ಟು ಸಲ ಮಾಡುವ ತಾಳ್ಮೆ ಹೊಸಬರಿಗೆ ಇರುವುದಿಲ್ಲ. ಅರ್ಧಕ್ಕೇ ನಿಂತ ದೊಡ್ಡ ಹಡಗಿಗಿಂತ ಮುಗಿಸಿದ ಸಣ್ಣ ದೋಣಿ ಹೆಚ್ಚು ಕಲಿಸುತ್ತದೆ.

ಈಗ ಅಸ್ಥಿಪಂಜರ. ಪಕ್ಕೆಲುಬುಗಳನ್ನು ಬೆನ್ನೆಲುಬಿಗೆ ಸಿಕ್ಕಿಸಿ ಅಂಟಿಸುವುದು ಒಂದು ಸಂಜೆಯ ಕೆಲಸ. ಆದರೆ ಆ ಸಂಜೆ ಅವಸರ ಮಾಡಿದರೆ ಮುಂದಿನ ತಿಂಗಳುಗಳೆಲ್ಲ ಹಾಳು. ಮೊದಲು ಬೆನ್ನೆಲುಬು ನೇರವಾಗಿದೆಯೇ ನೋಡಬೇಕು. ಪ್ಲೈವುಡ್ ಅಂದರೆ ತೆಳು ಹಾಳೆಗಳನ್ನು ಒಂದರ ನಾರು ಇನ್ನೊಂದಕ್ಕೆ ಅಡ್ಡ ಬರುವಂತೆ ಅಂಟಿಸಿದ ಮರ. ಹಾಗೆ ಅಡ್ಡ ಹಾಕುವುದೇ ಅದು ಬಾಗದಿರಲಿ ಎಂದು. ಆದರೂ ನಮ್ಮ ಕರಾವಳಿಯ ತೇವಕ್ಕೆ ಒಂದು ಬದಿ ಜಾಸ್ತಿ ನೀರು ಹೀರಿದರೆ ಬಾಗಿಯೇ ಬಾಗುತ್ತದೆ. ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಇಟ್ಟು ನೋಡಿದರೆ ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ. ಬಾಗಿದ್ದರೆ ಒಳಸುತ್ತಿನ ಬದಿಗೆ ಒದ್ದೆ ಬಟ್ಟೆ ಸವರಿ, ಮೇಲೆ ಭಾರ ಹೇರಿ, ಎರಡು ದಿನ ಬಿಡಬೇಕು. ಆಮೇಲೆ ಪ್ರತಿ ಪಕ್ಕೆಲುಬೂ ಬೆನ್ನೆಲುಬಿಗೆ ಸರಿಯಾಗಿ 90 ಡಿಗ್ರಿಯಲ್ಲಿ ನಿಂತಿದೆಯೇ ಎಂದು ಮೂಲೆಮಟ್ಟ ಹಿಡಿದು ನೋಡಿ ಅಂಟಿಸಬೇಕು.

ಅಂಟಿನ ಬಗ್ಗೆ ಒಂದೆರಡು ಮಾತು, ಯಾಕೆಂದರೆ ನಮ್ಮ ಹವೆಗೆ ಇದು ಮುಖ್ಯ. ಮಾಮೂಲಿ ಬಿಳಿ ಫೆವಿಕಾಲ್ ಒಣಗುವುದು ಅದರೊಳಗಿನ ನೀರು ಹೊರಗೆ ಹೋದಾಗ. ಮಳೆಗಾಲದಲ್ಲಿ ಗಾಳಿಯೇ ಒದ್ದೆ, ನೀರು ಹೋಗುವುದು ನಿಧಾನ. ಹಾಗಾಗಿ ಕ್ಲಿಪ್ಪನ್ನು ಬೇಸಿಗೆಗಿಂತ ಎರಡು ಪಟ್ಟು ಹೊತ್ತು ಬಿಡುವುದು ಒಳ್ಳೆಯದು. ಫೆವಿಕ್ವಿಕ್ ಥರದ ಅಂಟು ಇದಕ್ಕೆ ತದ್ವಿರುದ್ಧ. ಅದು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಜುಲೈಯಲ್ಲಿ ಅದು ಇನ್ನೂ ಬೇಗ ಹಿಡಿಯುತ್ತದೆ, ಜೊತೆಗೆ ಸುತ್ತ ಬಿಳಿ ಬೂದಿಯಂಥ ಕಲೆ ಬಿಡುತ್ತದೆ. ಒಳಗೆ ಮುಚ್ಚಿಹೋಗುವ ಜಾಗಕ್ಕೆ ಪರವಾಗಿಲ್ಲ. ಕಾಣುವ ಮರದ ಮೇಲೆ ಬೇಡ.

ಅಸ್ಥಿಪಂಜರ ಒಣಗಿದ ಮೇಲೆ ಹೆಚ್ಚಿನವರು ನೇರವಾಗಿ ಪಟ್ಟಿ ಹಚ್ಚಲು ಕೂರುತ್ತಾರೆ. ನಾನೂ ಕೂತಿದ್ದೆ. ನಡುವೆ ಒಂದು ಹಂತವಿದೆ. ಲೇಸರ್ ಕತ್ತರಿಸುವುದು ನೆಟ್ಟಗೆ, ಹಾಗಾಗಿ ಪಕ್ಕೆಲುಬಿನ ಅಂಚು ಚೌಕಾಕಾರ. ಆದರೆ ಪಟ್ಟಿ ಮೂತಿಯ ಕಡೆಗೆ ಓರೆಯಾಗಿ ಸಾಗುತ್ತದೆ. ಓರೆ ಪಟ್ಟಿ ಚೌಕ ಅಂಚಿಗೆ ತಾಗಿದರೆ ತಾಗುವುದು ಒಂದು ಮೂಲೆ ಮಾತ್ರ, ಕೂದಲೆಳೆಯಷ್ಟು ಜಾಗ. ಅಂಟು ಹಿಡಿಯುವುದಾದರೂ ಎಲ್ಲಿ? ಅದಕ್ಕೇ ಪಟ್ಟಿ ಹೋಗುವ ದಿಕ್ಕಿಗೆ ಸರಿಯಾಗಿ ಪ್ರತಿ ಅಂಚನ್ನೂ ಓರೆ ಮಾಡಬೇಕು. ನಡುವಿನ ಪಕ್ಕೆಲುಬಿಗೆ ಬಹುತೇಕ ಏನೂ ಬೇಡ. ಮೂತಿಗೂ ಹಿಂಬದಿಗೂ ಹತ್ತಿರ ಬಂದಂತೆ ಜಾಸ್ತಿ ಜಾಸ್ತಿ. ಒಂದು ಉದ್ದನೆಯ ಕಡ್ಡಿಗೆ ಉಪ್ಪುಕಾಗದ ಅಂಟಿಸಿಕೊಂಡು ಒಟ್ಟಿಗೆ ಮೂರು ನಾಲ್ಕು ಪಕ್ಕೆಲುಬಿನ ಮೇಲೆ ಉಜ್ಜಬೇಕು. ಒಂದೊಂದನ್ನೇ ಉಜ್ಜಿದರೆ ಒಂದು ಕೆಳಗಿಳಿದು ಹೊಂಡ ಬೀಳುತ್ತದೆ. ಲೇಸರ್ ಸುಟ್ಟ ಕಪ್ಪೂ ಇದರಲ್ಲೇ ಹೋಗುತ್ತದೆ. ಸುಟ್ಟ ಮರಕ್ಕೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಆಮೇಲೆ ಒಂದು ಪಟ್ಟಿಯನ್ನು ಸುಮ್ನೆ ಮೇಲಿಟ್ಟು ನೋಡಿ. ಎಲ್ಲಾ ಪಕ್ಕೆಲುಬಿಗೂ ಪೂರ್ತಿ ತಾಗಿ ಎಲ್ಲೂ ನೆಗೆಯದೆ ಇಳಿದರೆ ಸರಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಬಾಗಿದ ಮೈಗೆ ನೇರ ಪಟ್ಟಿ ಹೊದಿಸುವುದು.

ಮತ್ತೆ ಮೊಗೆಕಾಯಿ ತನ್ನಿ, ಈ ಸಲ ಇಡಿಯಾಗಿ. ಕಾಗದದಿಂದ ಒಂದೇ ಅಗಲದ ಉದ್ದ ಪಟ್ಟಿಗಳನ್ನು ಕತ್ತರಿಸಿ, ತೊಟ್ಟಿನಿಂದ ತುದಿಗೆ ಒಂದರ ಪಕ್ಕ ಒಂದು ಅಂಟಿಸುತ್ತಾ ಹೋಗಿ. ಹೊಟ್ಟೆಯ ಹತ್ತಿರ ಪಕ್ಕಪಕ್ಕ ಚೆನ್ನಾಗಿ ಕೂರುತ್ತವೆ. ತುದಿಯಲ್ಲಿ? ಒಂದರ ಮೇಲೊಂದು ಹತ್ತಿ ಗುಡ್ಡೆಯಾಗುತ್ತವೆ. ಹೊಟ್ಟೆಯ ಸುತ್ತಳತೆ ದೊಡ್ಡದು, ತುದಿಯ ಸುತ್ತಳತೆ ಸಣ್ಣದು, ಪಟ್ಟಿಯ ಅಗಲ ಮಾತ್ರ ಎಲ್ಲಾ ಕಡೆ ಒಂದೇ. ಸರಿ ಕೂರಬೇಕಾದರೆ ಪ್ರತಿ ಪಟ್ಟಿಯ ತುದಿಯನ್ನೂ ಸಣ್ಣ ಮಾಡಲೇಬೇಕು. ದೋಣಿಯ ಹಲಗೆಯ ವಿದ್ಯೆ ಪೂರ್ತಿ ನಿಂತಿರುವುದು ಇದೊಂದರ ಮೇಲೆ.

ಅಂಕಿಯಲ್ಲಿ ನೋಡೋಣ. ನಡುವಿನ ಪಕ್ಕೆಲುಬಿನಲ್ಲಿ ಮೇಲಂಚಿನಿಂದ ಬೆನ್ನೆಲುಬಿನವರೆಗೆ ಅಳೆದರೆ 90 ಮಿಲಿಮೀಟರ್ ಎಂದುಕೊಳ್ಳಿ. ಪಟ್ಟಿಯ ಅಗಲ 5 ಮಿಲಿಮೀಟರ್. ಅಂದರೆ ಒಂದು ಬದಿಗೆ 18 ಪಟ್ಟಿ. ಈಗ ಮೂತಿಯ ಹತ್ತಿರದ ಪಕ್ಕೆಲುಬನ್ನು ಅಳೆಯಿರಿ. 54 ಮಿಲಿಮೀಟರ್ ಬಂತು. ಅಲ್ಲೂ ಅದೇ 18 ಪಟ್ಟಿ ಹೋಗಬೇಕು. 54ನ್ನು 18ರಿಂದ ಭಾಗಿಸಿದರೆ 3. ಹಾಗಾಗಿ ಪ್ರತಿ ಪಟ್ಟಿಯೂ ನಡುವೆ 5, ಮೂತಿಯಲ್ಲಿ 3 ಮಿಲಿಮೀಟರ್ ಇರುವಂತೆ ಕೀಸಬೇಕು. ಎಷ್ಟು ಕೀಸಬಹುದು ಅನ್ನುವುದಕ್ಕೂ ಮಿತಿ ಇದೆ. ಪೂರ್ತಿ ಅಗಲದ ಅರ್ಧಕ್ಕಿಂತ ಕಡಿಮೆ ಮಾಡಬೇಡಿ. ಅಷ್ಟು ಚೂಪಾದರೆ ನಿಜದ ದೋಣಿಯಲ್ಲಿ ಮೊಳೆ ಹೊಡೆಯಲೂ ಮರ ಉಳಿಯುವುದಿಲ್ಲ. ಲೆಕ್ಕ ಅರ್ಧಕ್ಕಿಂತ ಕೆಳಗೆ ಹೋದರೆ ಎರಡು ಪಟ್ಟಿಗಳನ್ನು ಮೂತಿಗೆ ಮುಂಚೆಯೇ ನಿಲ್ಲಿಸಿ, ಅವೆರಡೂ ಸೇರಿ ಒಂದೇ ಪಟ್ಟಿಯಾಗಿ ಮುಂದೆ ಹೋಗುವಂತೆ ಮಾಡುತ್ತಾರೆ.

ಹಿಂಬದಿಯಲ್ಲಿ ಕಥೆ ಉಲ್ಟಾ. ಅಲ್ಲಿ ಕೆಲವು ದೋಣಿಗಳ ಮೈ ನಡುವಿಗಿಂತ ಜಾಸ್ತಿ ಹರಡಿಕೊಂಡಿರುತ್ತದೆ. 108 ಮಿಲಿಮೀಟರ್ ಬಂತು ಎಂದುಕೊಳ್ಳಿ. 18 ಪಟ್ಟಿ ಸೇರಿದರೂ 90 ತುಂಬುತ್ತದೆ, 18 ಮಿಲಿಮೀಟರ್ ಖಾಲಿ. ಆ ಜಾಗಕ್ಕೆ ಬೆಣೆಯಂಥ ಚೂಪು ತುಂಡುಗಳನ್ನು ತುಂಬಬೇಕು. ಇದು ತಪ್ಪು ಮುಚ್ಚುವ ತೇಪೆಯಲ್ಲ. ನಿಜದ ಹಡಗು ಕಟ್ಟುವವರೂ ಹೀಗೇ ಮಾಡುತ್ತಿದ್ದರು.

ಲೆಕ್ಕ ಬೇಡ, ಪಟ್ಟಿಯನ್ನು ಎಳೆದು ಬಗ್ಗಿಸಿ ಕೂರಿಸಿಬಿಡೋಣ ಅನಿಸುತ್ತದೆ. ಇಲ್ಲೇ ಮರದ ಸ್ವಭಾವ ಅಡ್ಡ ಬರುತ್ತದೆ. ಒಂದು ಮರದ ಸ್ಕೇಲ್ ಕೈಯಲ್ಲಿ ಹಿಡಿಯಿರಿ. ಚಪ್ಪಟೆ ಮೈಯನ್ನು ಬಗ್ಗಿಸಿದರೆ ಬಿಲ್ಲಿನಂತೆ ಬಗ್ಗುತ್ತದೆ. ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಬಗ್ಗಿಸಿ ನೋಡಿ, ಒಂದು ಕೂದಲೂ ಬಗ್ಗುವುದಿಲ್ಲ. ಪಟ್ಟಿಯೂ ಹಾಗೇ. ದಪ್ಪದ ಕಡೆಗೆ ಬಗ್ಗುತ್ತದೆ, ಅಗಲದ ಕಡೆಗೆ ಬಗ್ಗುವುದಿಲ್ಲ. ಒತ್ತಾಯ ಮಾಡಿದರೆ ಒಂದು ಅಂಚು ಹೆಂಚಿನಂತೆ ಮೇಲೆದ್ದು ನಿಲ್ಲುತ್ತದೆ. ಕ್ಲಿಪ್ ಹಾಕಿ ಕೂರಿಸಿದರೆ ಅಂಟು ಒಣಗುವವರೆಗೆ ಸುಮ್ಮನಿರುತ್ತದೆ, ಕ್ಲಿಪ್ ತೆಗೆದ ರಾತ್ರಿ ಟಪ್ ಎಂದು ಬಿಟ್ಟುಕೊಳ್ಳುತ್ತದೆ.

ಇದನ್ನು ನನಗೆ ತಿಳಿಸಿದ್ದು ಯಾವ ನಕ್ಷೆಯೂ ಅಲ್ಲ. ನಮ್ಮ ಓಣಿಯಲ್ಲಿ ಮಗಳ ಮನೆಗೆ ಬಂದಿದ್ದ ಕುಮಟಾ ಕಡೆಯ ಹಿರಿಯ ಆಚಾರ್ರು. ದೋಣಿ ಕಟ್ಟುತ್ತಲೇ ವಯಸ್ಸಾದವರು. ನಾನು ಐದು ಕ್ಲಿಪ್ ಹಾಕಿ ಒಂದು ಪಟ್ಟಿಯ ಜೊತೆ ಗುದ್ದಾಡುತ್ತಿದ್ದುದನ್ನು ಜಗಲಿಯಲ್ಲಿ ಕೂತು ನೋಡಿದರು. "ತಮಾ, ಹಲಗಿ ಹತ್ರ ಜೋರು ಮಾಡೂಕಾಗ. ಮೊದ್ಲು ಸುಮ್ನೆ ಇಟ್ಟು ನೋಡು, ಅದು ಎಲ್ಲಿಗೆ ಹೋಗ್ತದೆ ಹೇಳಿ" ಅಂದರು. ಕ್ಲಿಪ್ಪುಗಳನ್ನೆಲ್ಲ ತೆಗೆಸಿದರು. ಪಟ್ಟಿಯ ನಡುಭಾಗವನ್ನು ಮಾತ್ರ ಒಂದು ಬೆರಳಿನಲ್ಲಿ ಒತ್ತಿ ಹಿಡಿದು ಎರಡೂ ತುದಿ ಬಿಟ್ಟರು. ಪಟ್ಟಿ ತಾನೇ ಮೈಗೆ ಒರಗಿ, ಮೂತಿಯ ಕಡೆ ಹಿಂದಿನ ಪಟ್ಟಿಯ ಮೇಲೆ ಹತ್ತಿ ಕೂತಿತು. ಎಲ್ಲಿಂದ ಎಲ್ಲಿಯವರೆಗೆ ಹತ್ತಿದೆಯೋ ಅಲ್ಲಿ ಪೆನ್ಸಿಲ್ ಎಳೆದರು. "ಇಷ್ಟು ತೆಗಿ." ಅಷ್ಟೇ. ನಾನು ಭಾಗಾಕಾರ ಮಾಡಿ ತೆಗೆದ ಲೆಕ್ಕವೂ ಅವರ ಪೆನ್ಸಿಲ್ ಗೆರೆಯೂ ಬಹುತೇಕ ಒಂದೇ ಆಗಿತ್ತು.

ದಪ್ಪದ ಕಡೆಗೆ ಬಗ್ಗಿಸಲೂ ಮೂತಿಯ ಹತ್ತಿರ ಸಹಾಯ ಬೇಕು. ಅಲ್ಲಿ ತಿರುವು ಜೋರು, ಒಣ ಪಟ್ಟಿ ಮುರಿಯುತ್ತದೆ. ಮರದ ನಾರುಗಳನ್ನು ಒಂದಕ್ಕೊಂದು ಹಿಡಿದಿಡುವ ಲಿಗ್ನಿನ್ ಎಂಬ ಅಂಟಿನಂಥ ವಸ್ತು ಇದೆ. ನೀರು ಮತ್ತು ಬಿಸಿ ಎರಡೂ ಸೇರಿದರೆ ಅದು ಮೆತ್ತಗಾಗುತ್ತದೆ, ತಣ್ಣಗಾದರೆ ಮತ್ತೆ ಗಟ್ಟಿ. ಬಗ್ಗಿಸಿ ಹಿಡಿದು ತಣಿಸಿದರೆ ಬಗ್ಗಿದ ಆಕಾರವೇ ಉಳಿಯುತ್ತದೆ. ಒಂದೂವರೆ ಮಿಲಿಮೀಟರ್ ದಪ್ಪದ ಪಟ್ಟಿಯನ್ನು ಇಪ್ಪತ್ತು ನಿಮಿಷ ಬಿಸಿನೀರಿನಲ್ಲಿ ನೆನೆಸಿ, ಇಸ್ತ್ರಿಪೆಟ್ಟಿಗೆಯ ತುದಿಗೆ ನಿಧಾನವಾಗಿ ಒತ್ತುತ್ತಾ ಬಗ್ಗಿಸುತ್ತೇನೆ. ಸುಯ್ ಎಂದು ಆವಿ ಏಳುತ್ತದೆ, ಬೆರಳಿಗೆ ಮರ ಸೋತದ್ದು ಗೊತ್ತಾಗುತ್ತದೆ. ಆ ಕ್ಷಣ ಗೊತ್ತಾಗುವುದಕ್ಕೆ ನಾಲ್ಕೈದು ಪಟ್ಟಿ ಮುರಿಯಬೇಕು. ಬಗ್ಗಿಸಿದ ಮೇಲೆ ತಕ್ಷಣ ಅಂಟಿಸಬಾರದು. ನೆನೆದ ಮರ ಅಗಲಕ್ಕೆ ಊದಿಕೊಂಡಿರುತ್ತದೆ, ಒಣಗಿದಾಗ ಕುಗ್ಗಿ ಪಟ್ಟಿಗಳ ನಡುವೆ ಬಿರುಕು ಬಿಡುತ್ತದೆ. ಬಟ್ಟೆ ಕ್ಲಿಪ್ಪಿನಿಂದ ದೋಣಿಯ ಮೇಲೇ ಹಿಡಿದಿಟ್ಟು ಒಂದು ರಾತ್ರಿ ಒಣಗಲು ಬಿಡಿ. ಬೆಳಿಗ್ಗೆ ಅಂಟಿಸಿ.

ಇನ್ನೊಂದು ತಪ್ಪು ನಾನೇ ಮಾಡಿದ್ದು. ಮೊದಲ ದೋಣಿಯಲ್ಲಿ ಎಡಬದಿಯನ್ನು ಪೂರ್ತಿ ಮುಗಿಸಿಯೇ ಬಲಬದಿಗೆ ಹೋದೆ. ಪ್ರತಿ ಬಗ್ಗಿದ ಪಟ್ಟಿಯೂ ನೆಟ್ಟಗಾಗಲು ನೋಡುತ್ತಾ ಬೆನ್ನೆಲುಬನ್ನು ತನ್ನ ಕಡೆ ಎಳೆಯುತ್ತಿರುತ್ತದೆ. ಹದಿನೆಂಟು ಪಟ್ಟಿ ಒಂದೇ ಬದಿಯಿಂದ ಎಳೆದರೆ ಏನಾಗಬೇಕು? ದೋಣಿ ಬಾಳೆಕಾಯಿಯಂತೆ ಬಾಗಿತು. ಸರಿಮಾಡಲು ಆಗಲೇ ಇಲ್ಲ, ಎರಡು ತಿಂಗಳ ಕೆಲಸ ಹೋಯಿತು. ತುಂಬಾ ಬೇಜಾರಾಗಿತ್ತು. ಎಡಕ್ಕೆ ಒಂದು ಹಚ್ಚಿದರೆ ಬಲಕ್ಕೆ ಒಂದು, ಹೀಗೇ ಹೋಗಬೇಕು.

ಹೆಚ್ಚಿನ ಕಿಟ್‌ಗಳಲ್ಲಿ ಈ ಹೊದಿಕೆ ಎರಡು ಪದರ. ಮೊದಲನೆಯದು ಲೈಮ್‌ವುಡ್. ಹೆಸರು ಕೇಳಿ ನಿಂಬೆ ಮರ ಎಂದುಕೊಳ್ಳಬೇಡಿ, ಅದು ಲಿಂಡೆನ್ ಎಂಬ ಬೇರೆಯೇ ಮರ. ಮೆತ್ತಗೆ, ನಯ, ನಾರು ಕಾಣದಷ್ಟು ಸಣ್ಣ. ಈ ಪದರದಲ್ಲಿ ತಪ್ಪಾದರೆ ಪುಟ್ಟಿ ತುಂಬಿ ಉಜ್ಜಬಹುದು, ಯಾರಿಗೂ ಕಾಣುವುದಿಲ್ಲ. ಅದರ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಅಕ್ರೋಟು ಮರದ ಪಟ್ಟಿ. ಇದೇ ಕೊನೆಗೆ ಕಾಣುವ ಮೈ. ಇಲ್ಲಿ ಪುಟ್ಟಿಗೆ ಜಾಗವಿಲ್ಲ. ಮೊದಲ ಪದರದಲ್ಲಿ ಕೈ ಪಳಗಿದ್ದರೆ ಎರಡನೆಯದು ಬೇಗ ಸಾಗುತ್ತದೆ.

ಪಟ್ಟಿ ಕಡಿಮೆ ಬಿದ್ದರೆ ನಮ್ಮ ಮರ ಬಳಸಬಹುದೇ ಎಂದು ಶಿರಸಿಯ ಗೆಳೆಯರೊಬ್ಬರು ಕೇಳಿದ್ದರು. ಅವರ ಮನೆಯಲ್ಲಿ ಹಳೆಯ ಸಾಗವಾನಿ ತುಂಡುಗಳು ಬೇಕಾದಷ್ಟಿದ್ದವು. ನಿಜದ ದೋಣಿಗೆ ಸಾಗವಾನಿಗಿಂತ ಒಳ್ಳೆ ಮರ ಸಿಗುವುದು ಕಷ್ಟ. ಆದರೆ ಅದರ ಕೊಯ್ತದಲ್ಲಿ ಕಣ್ಣಿಗೆ ಕಾಣುವ ರಂಧ್ರಗಳಿವೆ. 1:50ರ ಮಾದರಿಯಲ್ಲಿ ಆ ರಂಧ್ರ ಹಲಗೆಯಲ್ಲಿ ಕೊರೆದ ತೂತಿನಂತೆ ಕಾಣುತ್ತದೆ. ಮಾದರಿಗೆ ಬೇಕಾದದ್ದು ನಾರು ಒತ್ತಾಗಿರುವ ಮರ. ಚನ್ನಪಟ್ಟಣದ ಗೊಂಬೆ ಮಾಡುವ ಆಲೆ ಮರ ಈ ಕೆಲಸಕ್ಕೆ ಚೆನ್ನಾಗಿದೆ ಅನ್ನುವುದು ನನ್ನ ಅನುಭವ. ಶಿರಸಿ, ಕುಮಟಾ ಕಡೆಯ ಗುಡಿಗಾರರು ಕೆತ್ತನೆಗೆ ಗಂಧದ ಮರ ಹಿಡಿದದ್ದಕ್ಕೂ ಪರಿಮಳವೊಂದೇ ಕಾರಣವಲ್ಲ. ಅದರ ನಾರು ಅಷ್ಟು ನುಣುಪು, ಉಳಿ ಎತ್ತ ಹೋದರೂ ಸಿಗಿಯುವುದಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕಿಟ್‌ನ ಕ್ರಮ ಅಂದರೆ ಮೊದಲು ಅಸ್ಥಿಪಂಜರ, ಆಮೇಲೆ ಚರ್ಮ. ಇದು ಯುರೋಪಿನ ದೊಡ್ಡ ಹಡಗುಗಳ ಕ್ರಮ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಹುರಿಯಿಂದ ಹೊಲಿದು ಕಟ್ಟುತ್ತಿದ್ದ ದೋಣಿಗಳ ಕ್ರಮ ಇದಕ್ಕೆ ತಿರುಗಾ ಮುರುಗಾ. ಮೊದಲು ಹಲಗೆಗಳನ್ನೇ ಒಂದಕ್ಕೊಂದು ತೆಂಗಿನ ನಾರಿನ ಹುರಿಯಿಂದ ಹೊಲಿದು ಮೈ ಎಬ್ಬಿಸುತ್ತಾರೆ. ಪಕ್ಕೆಲುಬು ಆಮೇಲೆ ಒಳಗೆ ಬರುತ್ತದೆ. ಆಕಾರ ನಕ್ಷೆಯಲ್ಲಿ ಇರುವುದಿಲ್ಲ, ಹಲಗೆ ಬಗ್ಗುವ ರೀತಿಯಲ್ಲೂ ಮೇಸ್ತ್ರಿಯ ಕಣ್ಣಿನಲ್ಲೂ ಇರುತ್ತದೆ. ಆಚಾರ್ರಿಗೆ ನನ್ನ ಪಕ್ಕೆಲುಬುಗಳ ಮೇಲೆ ಅಷ್ಟೇನೂ ಲಕ್ಷ್ಯ ಇರಲಿಲ್ಲ, ಅವರು ಪಟ್ಟಿಯನ್ನೇ ನೋಡುತ್ತಿದ್ದರು. ಯಾಕೆಂದು ನನಗೆ ಆಮೇಲೆ ಅರ್ಥವಾಯಿತು.

ಈ ಹೊಲಿಗೆಯ ವಿದ್ಯೆ ನಮ್ಮ ಊರಿನಲ್ಲೇ ದೊಡ್ಡದಾಗಿ ಕಣ್ಣಮುಂದೆ ಬಂತು. 5ನೇ ಶತಮಾನದ ಅಜಂತಾ ಚಿತ್ರವೊಂದರಲ್ಲಿರುವ ಹಡಗನ್ನು ನೋಡಿ ಗೋವಾದಲ್ಲಿ ಕಟ್ಟಿದ ಕೌಂಡಿನ್ಯ ಎಂಬ ಹಾಯಿಹಡಗನ್ನು 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿಸಿಕೊಂಡರು. ಹಲಗೆಗಳನ್ನು ನಾರಿನ ಹುರಿಯಿಂದ ಹೊಲಿದು, ಸಂದುಗಳಿಗೆ ಮರದ ರಾಳ ತುಂಬಿ ಮಾಡಿದ್ದು. ಹಳೆಯ ನಕ್ಷೆ ಯಾವುದೂ ಉಳಿದಿರಲಿಲ್ಲ, ಇದ್ದದ್ದು ಗೋಡೆಯ ಮೇಲಿನ ಚಿತ್ರ ಮಾತ್ರ. ಹಾಗಾಗಿ ಇಂಥ ಹಡಗು ನೀರಿನಲ್ಲಿ ಹೇಗೆ ವರ್ತಿಸೀತು ಎಂದು ತಿಳಿಯಲು ಮದ್ರಾಸ್ ಐಐಟಿಯಲ್ಲಿ ಅದರ ಮಾದರಿ ಮಾಡಿ ಪರೀಕ್ಷೆ ಮಾಡಿದರು. ಮಾದರಿ ಅಂದರೆ ಷೋಕೇಸಿನ ವಸ್ತು ಮಾತ್ರವಲ್ಲ ಎಂದು ನಾನು ಹೇಳುವುದು ಇದಕ್ಕೇ.

ದೋಣಿಯ ಮೈಯ ತಿರುವನ್ನು ಕಣ್ಣಾರೆ ನೋಡಬೇಕಾದರೆ ಕಾರವಾರದ ಕಡಲತೀರದಲ್ಲಿ ನೆಲದ ಮೇಲೆ ನಿಲ್ಲಿಸಿರುವ ಐಎನ್‌ಎಸ್ ಚಪಲ್ ಹತ್ತಿರ ಹೋಗಿ. ಅದು ಕಬ್ಬಿಣದ ಯುದ್ಧನೌಕೆ, ಮರದ್ದಲ್ಲ. ಆದರೆ ಮೂತಿಯ ಕೆಳಗೆ ನಿಂತು ತಲೆ ಎತ್ತಿದರೆ ಕೆಳಗೆ ಕತ್ತಿಯಂತೆ ಸಣ್ಣಗಿರುವ ಮೈ ಮೇಲಕ್ಕೆ ಹೋದಂತೆ ಹೇಗೆ ಅರಳುತ್ತದೆ ಎಂದು ಕಾಣುತ್ತದೆ. ನೀರಿನಲ್ಲಿರುವ ಹಡಗಿನಲ್ಲಿ ಆ ಭಾಗ ಎಂದೂ ಕಾಣಿಸುವುದಿಲ್ಲ.

ಡೆಕ್ಕಿನ, ಅಂದರೆ ದೋಣಿಯ ಮೇಲ್ಹಾಸಿನ, ಕೆಲಸ ಸುಲಭ. ಚಪ್ಪಟೆ ಮೇಲ್ಮೈ, ಪಟ್ಟಿ ನೇರ. ಒಂದೇ ಕಿವಿಮಾತು: ಪ್ರತಿ ಪಟ್ಟಿಯ ಅಂಚಿಗೆ ಮೃದು ಪೆನ್ಸಿಲ್ ಎಳೆದು ಅಂಟಿಸಿ. ನಿಜದ ಡೆಕ್ಕಿನಲ್ಲಿ ಹಲಗೆಗಳ ನಡುವೆ ನಾರು ತುರುಕಿ ಮೇಲೆ ಡಾಂಬರು ಸುರಿದ ಕಪ್ಪು ಗೆರೆ ಇರುತ್ತದಲ್ಲ, ಪೆನ್ಸಿಲ್ ಗೆರೆ ಅದನ್ನೇ ತೋರಿಸುತ್ತದೆ.

ಕೂವೆಮರಕ್ಕೆ ದುಂಡು ಕಡ್ಡಿ ಕೊಟ್ಟಿರುತ್ತಾರೆ, ಬುಡದಿಂದ ತುದಿಗೆ ಒಂದೇ ದಪ್ಪ. ನಿಜದ ಕೂವೆ ತುದಿಗೆ ಸಣ್ಣಗಾಗುತ್ತದೆ. ಕಡ್ಡಿಯನ್ನು ಡ್ರಿಲ್ಲಿಗೆ ಸಿಕ್ಕಿಸಿ ನಿಧಾನ ತಿರುಗಿಸುತ್ತಾ ಉಪ್ಪುಕಾಗದದಲ್ಲಿ ಹಿಡಿದರೆ ಬೇಗ ಆಗುತ್ತದೆ. ಅದಕ್ಕೂ ಮೊದಲು ಮೇಜಿನ ಮೇಲೆ ಉರುಳಿಸಿ ನೋಡಿ. ಕುಂಟುತ್ತಾ ಉರುಳಿದರೆ ಕಡ್ಡಿ ಬಾಗಿದೆ, ಬೇರೆ ತೆಗೆದುಕೊಳ್ಳಿ. ಕೂವೆಗೆ ನೇರ ಮರ ಸಿಗುವುದು ಎಷ್ಟು ಮುಖ್ಯ ಅಂದರೆ, ಬ್ರಿಟಿಷರ ಕಾಲದಲ್ಲಿ ಕೆನರಾದ ಘಟ್ಟದ ಕಾಡಿನಿಂದ ಪೂನ್ ಮರ ಹಡಗಿನ ಕೂವೆಗೆಂದೇ ಹೋಗುತ್ತಿತ್ತು. ಸುರಹೊನ್ನೆಯ ಬಳಗದ ಮರ ಅದು, ಕೊಂಬೆಯಿಲ್ಲದೆ ನೇರ ಎತ್ತರಕ್ಕೆ ಬೆಳೆಯುತ್ತದೆ.

ಆಮೇಲೆ ಹಗ್ಗ. ನಕ್ಷೆ ನೋಡಿದರೆ ಜೇಡರ ಬಲೆಯಂತೆ ಕಾಣುತ್ತದೆ. ಗಾಬರಿ ಬೇಡ, ಎಲ್ಲಾ ಹಗ್ಗಗಳೂ ಎರಡೇ ಜಾತಿ. ಕೂವೆಯನ್ನು ಹಿಡಿದು ನಿಲ್ಲಿಸುವ ಹಗ್ಗ ಒಂದು, ಹಾಯಿಯನ್ನು ಎಳೆದಾಡುವ ಹಗ್ಗ ಇನ್ನೊಂದು. ಮೊದಲನೆಯದು ಕಟ್ಟಿದಲ್ಲೇ ಇರುತ್ತದೆ, ಮಳೆ ಬಿಸಿಲಿಗೆ ಕೊಳೆಯದಿರಲಿ ಎಂದು ಡಾಂಬರು ಬಳಿಯುತ್ತಿದ್ದರು, ಅದಕ್ಕೇ ಕಪ್ಪು ದಾರ. ಎರಡನೆಯದು ರಾಟೆಯಲ್ಲಿ ಓಡಾಡಬೇಕು, ಕೈಗೆ ಸಿಗಬೇಕು, ಡಾಂಬರು ಬಳಿದರೆ ಅಂಟುತ್ತದೆ. ಅದಕ್ಕೇ ನಾರಿನ ಬಣ್ಣದ ದಾರ. ಕಿಟ್‌ನಲ್ಲಿ ಎರಡು ಉಂಡೆ ಬಂದದ್ದು ಇದಕ್ಕೇ. ಇಷ್ಟು ಗೊತ್ತಾದರೆ ನಕ್ಷೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಕಪ್ಪು ದಾರಗಳನ್ನು ಮೊದಲು ಕಟ್ಟಿ ಮುಗಿಸಿ, ನಾರು ಬಣ್ಣದವನ್ನು ಆಮೇಲೆ.

ಡಬ್ಬಿಯಲ್ಲಿದ್ದ ಹೆಸರುಕಾಳಿನಷ್ಟು ಬಿಲ್ಲೆಗಳನ್ನು ಈಗ ಹೊರತೆಗೆಯಿರಿ. ಪ್ರತಿಯೊಂದರಲ್ಲೂ ಮೂರು ತೂತು, ಸುಲಿದ ತೆಂಗಿನಕಾಯಿಯ ಮೂರು ಕಣ್ಣಿನಂತೆ. ಕೂವೆಯಿಂದ ಇಳಿದ ಹಗ್ಗದ ತುದಿಗೆ ಒಂದು ಬಿಲ್ಲೆ, ದೋಣಿಯ ಅಂಚಿಗೆ ಇನ್ನೊಂದು. ಎರಡರ ನಡುವೆ ಸಣ್ಣ ಹಗ್ಗವನ್ನು ಮೂರು ಕಣ್ಣಿನಲ್ಲೂ ಮೇಲೆ ಕೆಳಗೆ ಪೋಣಿಸಿ ಎಳೆದರೆ, ಒಬ್ಬ ಮನುಷ್ಯನ ಎಳೆತ ಹಲವು ಪಟ್ಟಾಗಿ ಕೂವೆಯ ಹಗ್ಗವನ್ನು ಬಿಗಿ ಮಾಡುತ್ತದೆ. ಸಡಿಲವಾದರೆ ಮತ್ತೆ ಬಿಗಿಯಬಹುದು. ಎರಡು ಕಡೆಯ ಬಿಲ್ಲೆಗಳೂ ಒಂದೇ ಸಾಲಿನಲ್ಲಿ ಬರಬೇಕು. ತಂತಿಯ ಒಂದು ತುಂಡನ್ನು ಎರಡೂ ತುದಿ ಬಗ್ಗಿಸಿ ಅಳತೆಕೋಲಿನಂತೆ ಬಿಲ್ಲೆಗಳ ನಡುವೆ ಇಟ್ಟು ಕಟ್ಟಿದರೆ ಅಂತರ ಒಂದೇ ಸಮ ಬರುತ್ತದೆ. ದಾರಕ್ಕೆ ಜೇನುಮೇಣ ಸವರಲು ಮರೆಯಬೇಡಿ. ಸವರದ ದಾರದ ಮೈಯಲ್ಲಿ ಎದ್ದ ರೋಮಗಳು ಈ ಅಳತೆಯಲ್ಲಿ ಹಗ್ಗಕ್ಕೆ ಗಡ್ಡ ಬಂದಂತೆ ಕಾಣುತ್ತವೆ.

ಮುಗಿದ ಮೇಲೆ ಮಕ್ಕಳು ಕೇಳುವುದು ಒಂದೇ: ನೀರಿಗೆ ಬಿಟ್ಟರೆ ತೇಲುತ್ತದಾ? ಷೋಕೇಸಿಗೆಂದು ಮಾಡಿದ ಕಿಟ್ ಆದರೆ ಬಿಡಬೇಡಿ. ಮಾಮೂಲಿ ಬಿಳಿ ಅಂಟು ನೀರಿಗೆ ಬಿಟ್ಟುಕೊಳ್ಳುತ್ತದೆ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಜಾಸ್ತಿ ಸ್ವಾರಸ್ಯದ್ದು. ಎಲ್ಲವನ್ನೂ 50 ಪಟ್ಟು ಸಣ್ಣ ಮಾಡಿದಾಗ ಎಲ್ಲವೂ ಒಂದೇ ಸಮ ಸಣ್ಣದಾಗುವುದಿಲ್ಲ. ಹಾಯಿಯ ವಿಸ್ತಾರ 50ರ 50 ಪಟ್ಟು, ಅಂದರೆ 2500 ಪಟ್ಟು ಕಡಿಮೆಯಾಗುತ್ತದೆ. ದೋಣಿಯ ತೂಕ 50ರ 50ರ 50 ಪಟ್ಟು, ಅಂದರೆ 1,25,000 ಪಟ್ಟು ಕಡಿಮೆಯಾಗುತ್ತದೆ. ಹಾಯಿ ಗಾಳಿ ಹಿಡಿದು ಮಗುಚಲು ನೋಡುತ್ತದೆ, ತೂಕ ನೆಟ್ಟಗೆ ನಿಲ್ಲಿಸಲು ನೋಡುತ್ತದೆ. ನಿಲ್ಲಿಸುವ ಬಲ ಮಗುಚುವ ಬಲಕ್ಕಿಂತ 50 ಪಟ್ಟು ಜಾಸ್ತಿ ಸೊರಗಿದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಕಾರವಾರದ ಕಡಲತೀರದಲ್ಲಿ ಸಂಜೆ ಬೀಸುವ ಗಂಟೆಗೆ 20 ಕಿಲೋಮೀಟರ್ ಗಾಳಿ ಈ ಪುಟ್ಟ ದೋಣಿಗೆ ಗಂಟೆಗೆ 140 ಕಿಲೋಮೀಟರ್ ಚಂಡಮಾರುತದ ಹಾಗೆ. ನೀರಿಗೆ ಬಿಡಲೆಂದೇ ಮಾಡುವ ಮಾದರಿಗಳಿಗೆ ಹೊಟ್ಟೆಯ ಕೆಳಗೆ ಉದ್ದ ರೆಕ್ಕೆ, ಅದರ ತುದಿಯಲ್ಲಿ ಸೀಸದ ಗುಂಡು ಇರುವುದು ಇದಕ್ಕೇ. ತೂಕವನ್ನು ಆದಷ್ಟು ಕೆಳಗೆ ಇಳಿಸಿ, ಕಳೆದುಹೋದ ಆ ಬಲವನ್ನು ಮರಳಿ ತರುತ್ತಾರೆ.

ಹಾಗಾದರೆ ನಮ್ಮ ದೋಣಿ ಮನೆಯಲ್ಲೇ ಇರಲಿ. ಕಿಟಕಿಯ ಬಿಸಿಲು ನೇರ ಬೀಳದ ಜಾಗ, ಗಾಜಿನ ಪೆಟ್ಟಿಗೆ. ಪೆಟ್ಟಿಗೆಯ ತಳದಲ್ಲಿ ನಾಲ್ಕು ಸಣ್ಣ ತೂತು ಇರಲಿ, ಪೂರ್ತಿ ಮುಚ್ಚಿದರೆ ಒಳಗೆ ತೇವ ನಿಂತು ಬೂಸು ಬರುತ್ತದೆ. ಹಗ್ಗ ಕಟ್ಟುವ ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಹುರಿ ಹಾಕಿದ ಹತ್ತಿ ದಾರ ತೇವ ಹೀರಿದರೆ ಎಳೆಗಳು ದಪ್ಪಗಾಗಿ ಉದ್ದ ಕುಗ್ಗುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ತಂತಿಯಂತೆ ಬಿಗಿದು ಕಟ್ಟಿದ್ದ ನನ್ನ ಎರಡನೇ ದೋಣಿಯ ಕೂವೆ, ಜೂನ್‌ನಲ್ಲಿ ಮಳೆ ಹಿಡಿದ ವಾರವೇ ಹಿಂದಕ್ಕೆ ಬಾಗಿತ್ತು. ಬಿಲ್ಲೆಗಳ ನಡುವಿನ ದಾರವನ್ನು ಒಂದೊಂದಾಗಿ ಸಡಿಲಿಸಿ ಮತ್ತೆ ಕಟ್ಟಿದೆ. ಮೂರನೆಯದಕ್ಕೆ ಹಗ್ಗ ಕಟ್ಟಿದ್ದು ಆಗಸ್ಟ್‌ನಲ್ಲಿ, ಹೊರಗೆ ಮಳೆ ಸುರಿಯುತ್ತಿದ್ದಾಗ. ಬೇಸಿಗೆಯಲ್ಲಿ ದಾರ ಕೊಂಚ ಸಡಿಲವಾಗುತ್ತದೆ, ಅಷ್ಟೇ. ಕೂವೆ ನೆಟ್ಟಗೇ ನಿಂತಿದೆ.